ಹಂಗಳದ ಒಲೆಗೆ ನನ್ನ ಸಲಹೆಗಳು

ಚಾಮರಾಜನಗರದ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ದಂಟಿನ ಸೊಪ್ಪು ಕೊಳ್ಳಲು ನನಗೆ ಅರ್ಧ ಗಂಟೆ ಬೇಕು. ಸೊಪ್ಪು ಪಕ್ಕದ ಹರದನಹಳ್ಳಿಯಿಂದ ಬಂದದ್ದೋ, ದೂರದಿಂದ ಲಾರಿಯಲ್ಲಿ ಬಂದದ್ದೋ? ಬೋರ್‌ವೆಲ್ ನೀರಿಗೆ ಬೆಳೆಯಿತೋ, ಮಳೆಗೆ ಬೆಳೆಯಿತೋ? ಕಟ್ಟಿರುವುದು ಬಾಳೆ ನಾರಿನಲ್ಲೋ, ರಬ್ಬರ್ ಬ್ಯಾಂಡಿನಲ್ಲೋ? ಸೊಪ್ಪಿನ ಅಜ್ಜಿ ಮೊದಮೊದಲು ಉತ್ತರ ಹೇಳುತ್ತಿದ್ದಳು. ಈಗ ನನ್ನ ತಲೆ ಕಂಡ ಕೂಡಲೇ "ತಕೊಂಡ್ರೆ ತಕೋ ಮೇಷ್ಟ್ರೇ, ಇಲ್ದಿದ್ರೆ ನೆರಳ ಬುಟ್ಟು ಆಚೆ ನಿಂತ್ಕೊ" ಅನ್ನುತ್ತಾಳೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭೂಮಿಯನ್ನು ಉಳಿಸುವ ಕೆಲಸವನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ, ನಾನೇ ಮೈಮೇಲೆ ಎಳೆದುಕೊಂಡೆ. ಪ್ಲಾಸ್ಟಿಕ್ ಕವರು ಬೇಡವೆಂದು ಬಟ್ಟೆ ಚೀಲ ಶೇಖರಿಸಲು ಶುರುಮಾಡಿದೆ. ಮದುವೆ, ಗೃಹಪ್ರವೇಶ ಎಲ್ಲೇ ಹೋದರೂ ತಾಂಬೂಲದ ಚೀಲ ಕೊಡುತ್ತಾರಲ್ಲ, ಒಂದನ್ನೂ ಎಸೆಯಲಿಲ್ಲ. ಮನೆಯ ಬಾಗಿಲ ಹಿಂದಿನ ಮೊಳೆಗಳಲ್ಲಿ ಜಿಲ್ಲೆಯ ಅರ್ಧ ವಧೂವರರು ನೇತಾಡುತ್ತಿದ್ದಾರೆ. ಹೆಂಡತಿ ಒಂದು ದಿನ, "ಈ ಚೀಲ ಇಡೋದಕ್ಕೆ ಒಂದು ಬೀರು ತಗೊಳ್ಳೋಣ ಕಣ್ರೀ, ಕಬ್ಬಿಣದ್ದೋ ಮರದ್ದೋ ನೀವೇ ಯೋಚ್ನೆ ಮಾಡಿ" ಅಂದಳು. ನಾನು ಯೋಚನೆ ಮಾಡಲು ನಿಜವಾಗಿಯೂ ಕೂತೆ.

ಸೋಲಾರ್ ಹಾಕಿಸಿದೆವು. ಬಿಸಿನೀರು ಬರುವ ಮುಂಚೆ ಪೈಪಿನೊಳಗಿನ ತಣ್ಣೀರು ಒಂದು ಬಕೆಟ್ಟು ಸುರಿಯುತ್ತದೆ. ಅದನ್ನು ಹಿಡಿದು ಗಿಡಕ್ಕೆ ಹಾಕಬೇಕೆಂದು ಮನೆಯಲ್ಲಿ ಕಾನೂನು ಮಾಡಿದೆ. ಗಿಡಗಳು ಅತಿ ನೀರಿಗೆ ಕೊಳೆತು ಸತ್ತವು. ಇಷ್ಟೆಲ್ಲ ಮಾಡಿದ ಮನೆಯಲ್ಲಿ ಅಡುಗೆ ಮಾತ್ರ ಸಿಲಿಂಡರಿನಲ್ಲೇ, ಅದೂ ಒಂದಲ್ಲ ಎರಡು, ಒಂದು ಖಾಲಿಯಾದರೆ ಇನ್ನೊಂದು ಸಿದ್ಧವಿರಲಿ ಎಂದು. ಅದಕ್ಕೆ ನನ್ನ ಬಳಿ ಸಮಜಾಯಿಷಿ ಇತ್ತು: ಮೂವತ್ತು ನಲವತ್ತರ ಸೈಟಿನಲ್ಲಿ ಸಗಣಿ ಗ್ಯಾಸು ಮಾಡಲು ಹಸು ಎಲ್ಲಿ ಕಟ್ಟುವುದು?

ಹಸು ಕಟ್ಟಲು ಜಾಗವಿದ್ದದ್ದು ಹಂಗಳದಲ್ಲಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆ ಹೋದರೆ ಸಿಗುವ ಆ ಊರಿನಲ್ಲೇ ನಾನು ಹುಟ್ಟಿದ್ದು. ಅಲ್ಲಿ ನಮ್ಮವ್ವ, ಅಣ್ಣ, ಅತ್ತಿಗೆ ಇದ್ದಾರೆ. ತಿಂಗಳಿಗೊಂದು ಭಾನುವಾರ ನಾನು ಬಸ್ಸಿನಲ್ಲಿ ಹೋಗುತ್ತೇನೆ, ಬೈಕು ತೆಗೆಯುವುದಿಲ್ಲ, ಹೊಗೆ ನೋಡಿ. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು, ಹೂವಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಕೇರಳದಿಂದ ಕಾರಿನಲ್ಲಿ ಬಂದ ಜನ. ಅವರನ್ನು ಕಿಟಕಿಯಿಂದ ನೋಡಿ ತಲೆ ಅಲ್ಲಾಡಿಸುವುದು ನನ್ನ ಪ್ರಯಾಣದ ಮುಖ್ಯ ಸುಖ.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಮುಗಿದ ಮೇಲೆ ಹಾಗೆ ಹೋದಾಗ ಅತ್ತಿಗೆ ಗ್ಯಾಸಿನ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಿದ್ದರು. ಹಂಗಳದ ಆ ಮನೆಗೆ ಸಿಲಿಂಡರು ಬಂದು ಎಂಟು ವರ್ಷವಾಗಿತ್ತು. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷ ಅತ್ತಿಗೆ ಕಾಡಂಚಿನ ಲಾಂಟಾನ ಕಡ್ಡಿ ಒಟ್ಟಿ, ಊದುಗೊಳವೆಗೆ ಬಾಯಿಟ್ಟು ಬೆಂಕಿ ಮಾಡಿದವರು. ಆಗ ಅವರ ಕೆಮ್ಮು ಬೀದಿ ಬಾಗಿಲಿಗೆ ಕೇಳಿಸುತ್ತಿತ್ತು. ಸಿಲಿಂಡರು ಬಂದ ವರ್ಷ ಕೆಮ್ಮು ನಿಂತಿತು. ಆಯುಧಪೂಜೆಗೆ ಅವ್ವ ನೇಗಿಲು, ಟಿಲ್ಲರಿನ ಜೊತೆ ಆ ಕೆಂಪು ಸಿಲಿಂಡರಿಗೂ ಮೂರು ಬೆರಳಲ್ಲಿ ವಿಭೂತಿ ಬಳಿಯುತ್ತಿದ್ದಳು.

ನನ್ನ ಕಣ್ಣಿಗೆ ಮಾತ್ರ ಅದು ಭೂಮಿಯ ಹೊಟ್ಟೆ ಬಗೆದು ತಂದ ಪಾಪದ ಗ್ಯಾಸು.

"ಅಲ್ಲ ಅತ್ತಿಗೆ, ಹಟ್ಟೀಲಿ ಐದು ಹಸ ಕಟ್ಕೊಂಡು, ಎಲ್ಲೋ ಸಮುದ್ರದಾಚೆಯಿಂದ ಹಡಗಲ್ಲಿ ಬಂದ ಗ್ಯಾಸಲ್ಲಿ ಮುದ್ದೆ ಬೇಯಿಸ್ತೀರಲ್ಲ" ಅಂದೆ.

"ಅಡಗಲ್ಲಿ ಬಂದದಾ? ಗುಂಡ್ಲುಪ್ಯಾಟೆಯಿಂದ ಆಟೋದಲ್ಲಿ ಬತ್ತದೆ ಕಣಪ್ಪ" ಅಂದರು ಅತ್ತಿಗೆ.

ಅವತ್ತು ಊಟವಾದ ಮೇಲೆ ಜಗಲಿಯಲ್ಲಿ ಪಾಠ ಮಾಡಿದೆ. ಸಗಣಿ, ಅದರೊಳಗಿನ ಕ್ರಿಮಿ, ಅವು ಬಿಡುವ ಗ್ಯಾಸು, ಉಳಿದ ಗಂಜಲದಂಥ ರಾಡಿ ಹೊಲಕ್ಕೆ ಗೊಬ್ಬರ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹಾಗಾಗಿ ಹೊಲಕ್ಕೆ ಯಾವ ಬೀಜ, ಮೊಣಕಾಲಿಗೆ ಯಾವ ಎಣ್ಣೆ, ಯಾವ ಪಕ್ಷಕ್ಕೆ ಓಟು, ಎಲ್ಲಕ್ಕೂ "ಮೇಷ್ಟ್ರು ಏಳ್ಲಿ" ಅನ್ನುವುದು ಅಲ್ಲಿನ ವಾಡಿಕೆ. ಓಟಿನ ವಿಷಯ ಬಿಟ್ಟು ಮಿಕ್ಕದ್ದರಲ್ಲೆಲ್ಲ ನನ್ನ ಮಾತು ನಡೆಯುತ್ತಿತ್ತು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಹೊಗೆ ಬರಾಕಿಲ್ವಾ?" ಇಲ್ಲ ಅಂದೆ. ಹಿತ್ತಿಲಲ್ಲಿ ಗುಂಡಿ ತೋಡಿದರು.

ಯುಗಾದಿ ಹೊತ್ತಿಗೆ ನೀಲಿ ಉರಿ ಬಂತು. ನಾನು ಅದರ ಫೋಟೋ ತೆಗೆದು ಶಾಲೆಯ ಗ್ರೂಪಿಗೆ ಹಾಕಿದೆ, ಇಪ್ಪತ್ತು ಜನ ಕೈ ಮುಗಿದ ಚಿತ್ರ ಕಳಿಸಿದರು. ಅಲ್ಲಿಗೆ ನಿಲ್ಲಬಹುದಿತ್ತು. ಕೇರಳದ ದಾರಿಯಲ್ಲಿರುವ ಮದ್ದೂರಿಗೆ ಕೊಟ್ಟಿದ್ದ ಅಣ್ಣನ ಮಗಳು ರಸ್ತೆ ಬದಿ ಟೀ ಹೋಟ್ಲು ಇಡುತ್ತಿದ್ದಳು. "ಇನ್ನು ಇಲ್ಲಿ ಸಿಲಿಂಡರು ಯಾಕೆ? ಅವಳಿಗಾದ್ರೂ ಆಗ್ಲಿ" ಅಂದವನೂ ನಾನೇ. ಅತ್ತಿಗೆ ಸಿಲಿಂಡರಿನ ತಲೆಯ ಮೇಲೆ ಕೈಯಿಟ್ಟುಕೊಂಡು, "ಒಂದಿರ್ಲಿ ಅಂತ ನಂಗನ್ನಿಸ್ತದೆ ಮೇಷ್ಟ್ರೇ" ಅಂದರು. ಎರಡೆರಡು ಇಟ್ಟುಕೊಳ್ಳುವ ದುರಾಸೆಯಿಂದಲೇ ಭೂಮಿ ಹಾಳಾಗಿರುವುದು ಎಂದು ನಾನು ವಿವರಿಸಿದೆ. ಸಿಲಿಂಡರು, ಒಲೆ, ಗ್ಯಾಸಿನ ಪುಸ್ತಕ ಮೂರೂ ಜೀಪು ಹತ್ತಿ ಮದ್ದೂರಿಗೆ ಹೋದವು.

ಮಳೆಗಾಲ ಕಳೆಯುವಷ್ಟರಲ್ಲಿ ಅಣ್ಣ ಐದು ಹಸುವಿನಲ್ಲಿ ಮೂರನ್ನು ಮಾರಿದ. ಮೇಯಿಸಲು ಆಳು ಸಿಗುತ್ತಿರಲಿಲ್ಲ, ಕಾಡಿನೊಳಗೆ ಬಿಡುವ ಹಾಗಿರಲಿಲ್ಲ. ಉಳಿದ ಎರಡರ ಸಗಣಿಯಲ್ಲೂ ಒಂದು ಪಾಲು ಕೇರಳದಿಂದ ಬರುವ ಲಾರಿಗೆ ಹೋಗುತ್ತಿತ್ತು, ಹಿಂದಿನಿಂದ ಬಂದ ವ್ಯಾಪಾರ, ತಪ್ಪಿಸುವ ಹಾಗಿಲ್ಲ. ನಮ್ಮ ಸಗಣಿ ಘಟ್ಟ ಇಳಿದು ಅವರ ಮೆಣಸಿಗೆ ಬಿದ್ದು, ಆ ಮೆಣಸು ಸಾವಯವ ಅನ್ನಿಸಿಕೊಳ್ಳುತ್ತಿತ್ತು. ನಮ್ಮ ಹೊಲಕ್ಕೆ ಅಣ್ಣ ಮೂಟೆ ಬಿಚ್ಚಿ ಯೂರಿಯಾ ಎರಚುತ್ತಿದ್ದ. ಈ ಏರ್ಪಾಟಿನಲ್ಲಿ ಪರಿಸರಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡೆ. ಒಲೆಯ ಉರಿ ಅಷ್ಟರಲ್ಲಿ ದೇವರ ದೀಪದಷ್ಟಾಗಿತ್ತು.

"ಮೇಷ್ಟ್ರೇ, ನಿಮ್ ಗ್ಯಾಸಿಗೆ ಸೀಕು ಬಂದದೆ. ಮುದ್ದೆ ಬೇಯ್ತಾ ಇಲ್ಲ, ಅವ್ವಂಗೆ ಒಟ್ಟೆ ನೋವು" ಎಂದು ಅತ್ತಿಗೆ ಫೋನು ಮಾಡಿದರು.

ಗುಂಡಿ ಕಟ್ಟಿದ ಗಾರೆಯವನನ್ನು ಕರೆಸಿದೆ. ಅವನು ಬೀಡಿ ಹಚ್ಚಿ, ಹಿತ್ತಿಲನ್ನೊಮ್ಮೆ ನೋಡಿ, ಕೊಟ್ಟಿಗೆಯ ಹಿಂದಿದ್ದ ಕಕ್ಕಸಿನ ಕಡೆ ಗಲ್ಲ ಎತ್ತಿದ. "ಅದ್ರ ಪೈಪು ಇದಕ್ಕೆ ಕೊಟ್ಬುಟ್ರೆ ಆಯ್ತದೆ ಸಾ. ಬೇಕಾದಷ್ಟು ಜನ ಕೊಟ್ಟವ್ರೆ, ಯಾರೂ ಬಾಯಿ ಬುಡಾಕಿಲ್ಲ."

ಸಗಣಿ ಗ್ಯಾಸಿನ ಬಗ್ಗೆ ನಾನು ಓದಿದ್ದ ಪುಸ್ತಕದಲ್ಲೂ ಹಾಗೇ ಇತ್ತು. ತರಕಾರಿ ಸಿಪ್ಪೆಯನ್ನೂ ಸೇರಿಸಿದರೆ ಒಲೆ ತುಂಬಿ ಉರಿಯುತ್ತದೆ. ಆದರೆ ನಮ್ಮ ಮನೆಯ ಅಡುಗೆ ಎಂದರೆ ಮೊದಲು ಅವ್ವನ ಕೈಯಲ್ಲಿರುವ ಲಿಂಗಕ್ಕೆ ಎಡೆಯಾಗಿ, ಆಮೇಲೆ ನಮ್ಮ ತಟ್ಟೆಗೆ ಬರುವಂಥದ್ದು. ಅವ್ವನಿಗೂ ಅಣ್ಣನಿಗೂ ಹೇಳುವಂತಿರಲಿಲ್ಲ. ಅತ್ತಿಗೆಗೆ ಮಾತ್ರ ಹೇಳಿದೆ. ಅವರು ಸೆರಗು ಬಾಯಿಗೆ ಒತ್ತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ವಾಸ್ನೆ ಬತ್ತದಾ?"

"ಇಲ್ಲ."

"ರೋಗ ಗೀಗ?"

"ಏನೂ ಇಲ್ಲ ಅತ್ತಿಗೆ."

"ಪಾಪ?"

"ವಿಜ್ಞಾನದಲ್ಲಿ ಅದಿಲ್ಲ."

ಅವರು ಹಜಾರದ ಕಡೆ ಇಣುಕಿ, ದನಿ ತಗ್ಗಿಸಿ ಹೇಳಿದರು: "ನಂಗೆ ಹೊಗೆ ಇಲ್ದಿದ್ರೆ ಸಾಕು ಕಣಪ್ಪ. ತಿರ್ಗಾ ಊದುಗೊಳವೆ ಇಡಿಯೋ ಶಕ್ತಿ ನಂಗಿಲ್ಲ. ಆದ್ರೆ ಇದು ನಿಮ್ ಒಟ್ಟೇಲೇ ಇರ್ಲಿ. ಆಣೆ ಮಾಡಿ."

ಆಣೆ ಮಾಡಿದೆ. ಅಣ್ಣ ಅವ್ವನನ್ನು ನಂಜನಗೂಡಿಗೆ ಕರೆದುಕೊಂಡು ಹೋದ ದಿನ ಪೈಪು ಜೋಡಿಸಿದೆವು. ರಿಪೇರಿ ಆಯಿತೆಂದು ಹೇಳಿದೆವು. ಉರಿ ಮತ್ತೆ ನೀಲಿಯಾಯಿತು. ಒಂಬತ್ತು ತಿಂಗಳು ಮನೆ ಸುಖವಾಗಿ ಉಂಡಿತು, ಅವ್ವನ ಹೊಟ್ಟೆನೋವೂ ಹೋಯಿತು.

ಶ್ರಾವಣದ ಕಡೆಯ ಸೋಮವಾರ ನಮ್ಮ ಮನೆಯಲ್ಲಿ ಅಯ್ಯನವರ ಪಾದಪೂಜೆ. ಮಠದಿಂದ ಅಯ್ಯನವರೊಬ್ಬರು ಬರುತ್ತಾರೆ, ಪೂಜೆಯಾಗಿ ಅವರ ಊಟ ಶುರುವಾದ ಮೇಲೆ ನೆಂಟರ ಪಂಕ್ತಿ. ಆ ಸಲ ಇಪ್ಪತ್ತೈದು ಎಲೆ. ಅತ್ತಿಗೆ ಬೆಳಗಿನ ಜಾವದಿಂದ ಒಬ್ಬರೇ ನಿಂತು ಬೇಯಿಸಿದ್ದರು. ಅಯ್ಯನವರು ಗಸಗಸೆ ಪಾಯಸವನ್ನು ಎರಡನೇ ಸಲ ಹಾಕಿಸಿಕೊಂಡು, "ತಳ ಇಡೀದಂಗೆ ಬಂದದಲ್ಲ ತಾಯಿ, ಸೌದೆ ಒಲೇನಾ?" ಅಂದರು.

ಅವ್ವ ಹಿಗ್ಗಿನಿಂದ, "ಸಗಣಿ ಗ್ಯಾಸು ಬುದ್ಧಿ. ನಮ್ ಮೇಷ್ಟ್ರು ಮಾಡ್ಸಿದ್ದು" ಅಂದಳು.

"ಭೇಷ್. ಎರಡೇ ಹಸ ಕಂಡ್ವು ಕೊಟ್ಟಿಗೇಲಿ. ಇಷ್ಟು ಜನಕ್ಕೆ ಸಾಕಾಯ್ತದಾ ಮೇಷ್ಟ್ರೇ?"

ಆಯ್ತದೆ ಬುದ್ಧಿ ಅಂದಿದ್ದರೆ ಆಗಿತ್ತು. ಎರಡು ಪದ. ಆದರೆ ಸರಿಯಾದ ಪ್ರಶ್ನೆ ಕೇಳುವ ವಿದ್ಯಾರ್ಥಿ ನನಗೆ ವರ್ಷಕ್ಕೊಬ್ಬ ಸಿಗುವುದೂ ಕಷ್ಟ. ಇಪ್ಪತ್ತೈದು ಜನ ನನ್ನ ಬಾಯಿ ನೋಡುತ್ತಿದ್ದಾರೆ, ಹೊಟ್ಟೆ ತುಂಬಿದೆ, ಮೇಷ್ಟ್ರು ಎಂದು ಹೊಗಳಿಯಾಗಿದೆ. "ಹಸುವಿನದು ಸಾಕಾಗಲ್ಲ ಬುದ್ಧಿ. ಉಳಿದದ್ದು ನಾವೇ ಕೊಡ್ತೀವಿ" ಅಂದೆ. ಅವರು ಹಾಗಂದರೇನು ಎಂದು ಕೇಳಿದರು. ನಾನು ಎಡಗೈಯಲ್ಲಿ ಹಿತ್ತಿಲ ಕಡೆ ತೋರಿಸಿ, ಪೈಪು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದನ್ನು ಎಲೆಯ ಮೇಲಿನ ಕೋಸಂಬರಿ, ಹಪ್ಪಳ ಇಟ್ಟುಕೊಂಡು ವಿವರಿಸಿದೆ. "ಈ ಮನೇಲಿ ಯಾವುದೂ ವ್ಯರ್ಥವಾಗಲ್ಲ ಬುದ್ಧಿ" ಎಂದು ಮುಗಿಸಿದೆ.

ಅಯ್ಯನವರ ಕೈ ಎಲೆಗೂ ಬಾಯಿಗೂ ನಡುವೆ ನಿಂತಿತ್ತು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ಶಿವ ಶಿವಾ, ಒಟ್ಟೆ ತುಂಬ್ತು ತಾಯಿ" ಎಂದು ನಿಧಾನವಾಗಿ ಎಲೆ ಮಡಿಸಿದರು. ಪಂಕ್ತಿಯಲ್ಲಿದ್ದ ಇಪ್ಪತ್ತೈದು ಜನಕ್ಕೂ ಅದೇ ಕ್ಷಣದಲ್ಲಿ ಹೊಟ್ಟೆ ತುಂಬಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಪಾಯಸದ ಸೌಟು ಹಿಡಿದು ನಿಂತಿದ್ದರು. ಅವರ ಮುಖವನ್ನು ನಾನು ನೋಡಿದೆ, ನೋಡಬಾರದಿತ್ತು.

ನೆಂಟರು ಹೋದ ಮೇಲೆ ಅವ್ವ ನನ್ನ ಮುಂದೆ ಬಂದು ನಿಂತಳು. "ಒಂಬತ್ತು ತಿಂಗ್ಳು ಶಿವಂಗೆ ಏನ್ಲಾ ಉಣ್ಸಿಬುಟ್ಟೆ ನನ್ ಕೈಲಿ?"

"ಅವ್ವ, ಗ್ಯಾಸು ಯಾವುದಾದ್ರೂ ಒಂದೇ. ಸಗಣಿ ಮಾತ್ರ ಏನು..."

"ಸಗಣಿ ಬ್ಯಾರೆ ಕಣ್ಲಾ! ಅದ್ರಲ್ಲಿ ಇಬೂತಿ ಆಯ್ತದೆ. ನಿಂದ್ರಲ್ಲಿ ಏನ್ಲಾ ಆದದು?"

ವಿಭೂತಿಯೂ ಸುಟ್ಟ ಬೂದಿಯೇ ಎಂದು ನಾನು ಶುರುಮಾಡುವಷ್ಟರಲ್ಲಿ ಅವ್ವ ಹಿತ್ತಿಲಿಗೆ ಹೋಗಿದ್ದಳು.

ಅವತ್ತೇ ಒಲೆ ಅಂಗಳಕ್ಕೆ ಬಿತ್ತು, ಗ್ಯಾಸಿನ ಕೊಳವೆ ಮುಚ್ಚಿತು, ಮನೆಗೆಲ್ಲ ಗಂಜಲ ಎರಚಿದ್ದಾಯಿತು. ಮೂಲೆಯಲ್ಲಿ ಗೋಣಿ ಹೊದ್ದಿದ್ದ ಹಳೆಯ ಸೌದೆ ಒಲೆಯನ್ನು ಅಣ್ಣ ಬಿಡಿಸಿಕೊಟ್ಟ. ಅತ್ತಿಗೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಲಾಂಟಾನ ಕಡ್ಡಿ ಮುರಿದರು. ಸಂಜೆ ಬಸ್ಸಿಗೆ ನಾನು ಹೊರಡುವಾಗ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು.

ಬಸ್‌ಸ್ಟಾಪಿಗೆ ಬಿಡಲು ಬಂದ ಅಣ್ಣ, "ಒಸ ಸಿಲಿಂಡ್ರ ಬರ್ಸನೇನ್ಲಾ? ನೀನೇಳು, ತರ್ತೀನಿ" ಅಂದ. ಅವ್ವನದೂ ಅದಕ್ಕೆ ಅಡ್ಡಿಯಿರಲಿಲ್ಲ. ಗುಂಡ್ಲುಪೇಟೆಗೆ ಎರಡು ಸಲ ಓಡಾಡಿದರೆ ಆಗುವ ಕೆಲಸ. ನಾನು, "ಸ್ವಲ್ಪ ತಾಳು, ಲೆಕ್ಕ ಹಾಕಿ ಹೇಳ್ತೀನಿ" ಅಂದೆ.

ಲೆಕ್ಕ ಹಾಕಿದೆ, ಶಾಸ್ತ್ರೋಕ್ತವಾಗಿ. ಮತ್ತೆ ಸಿಲಿಂಡರು ಎಂದರೆ ನೆಲದೊಳಗಿನ ಎಣ್ಣೆ, ಹಡಗು, ಲಾರಿ. ಕರೆಂಟಿನ ಒಲೆಯೆಂದರೆ ಎಲ್ಲೋ ಕಲ್ಲಿದ್ದಲು ಉರಿಯಬೇಕು, ಮೇಲಾಗಿ ಹಂಗಳದಲ್ಲಿ ಕರೆಂಟು ಯಾವಾಗ ಬರುತ್ತದೋ ಅದರ ಇಷ್ಟ. ಹೊಗೆಯಿಲ್ಲದ ಸೌದೆ ಒಲೆಯೊಂದರ ಚಿತ್ರ ಸಿಕ್ಕಿತು, ಅದಕ್ಕೆ ಬೇಕಾದ ಸಿಮೆಂಟು ಎಷ್ಟು ಎಂಬಲ್ಲಿ ನಿಂತೆ. ಕಾರ್ತಿಕ ಕಳೆಯಿತು. ಆಮೇಲೆ ಒಂದು ದಿನ ಎಲ್ಲೋ ಓದಿದೆ: ಲಾಂಟಾನ ನಮ್ಮ ಕಾಡಿನ ಗಿಡವೇ ಅಲ್ಲ, ಹೊರಗಿನಿಂದ ಬಂದು ಮೇವು ಬೆಳೆಯದ ಹಾಗೆ ಹಬ್ಬಿಕೊಂಡಿರುವ ಕಳೆ. ಅಂದರೆ ಅದನ್ನು ಕಡಿದು ಸುಟ್ಟರೆ ಕಾಡಿಗೇ ಉಪಕಾರ! ನನಗಾದ ಖುಷಿ ಹೇಳತೀರದು. ಆ ಕ್ಷಣವೇ ಅತ್ತಿಗೆಗೆ ಫೋನು ಮಾಡಿದೆ.

"ಅತ್ತಿಗೆ, ನೀವು ಲಾಂಟಾನ ಉರಿಸೋದ್ರಿಂದ ಜಿಂಕೆ, ಆನೆಗೆಲ್ಲ ಮೇವು ಆಗುತ್ತೆ. ಒಂದು ರೀತೀಲಿ ಇದೇ ಎಲ್ಲಕ್ಕಿಂತ ಒಳ್ಳೇ ಒಲೆ."

ಆ ಕಡೆಯಿಂದ ಕೆಮ್ಮು ಬಂತು, ನಿಂತಿತು, ಮತ್ತೆ ಬಂತು. "ಅಂಗಾ? ಒಳ್ಳೇದಾಯ್ತು ಬುಡಿ ಮೇಷ್ಟ್ರೇ" ಅಂದರು.

ಹೆಂಡತಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಸಿಲಿಂಡರಿನ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅದನ್ನು ಇಳಿಸಿ ಬಂದು, "ಆನೆ ತೂಗಿದ್ರಿ, ಜಿಂಕೆ ತೂಗಿದ್ರಿ, ಹಡಗು ತೂಗಿದ್ರಿ. ಅತ್ತಿಗೇನ ಯಾವಾಗ ತೂಗ್ತೀರಿ?" ಎಂದು ಕೇಳಿದಳು. ನಿನಗೆ ವಿಷಯದ ವ್ಯಾಪ್ತಿ ಗೊತ್ತಿಲ್ಲ ಎಂದು ನಾನು ಉತ್ತರ ಕೊಟ್ಟೆ. ಹೌದು, ಇದೇ ಮಾತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಡಿದ್ದು ಆಡಿದ್ದೇ.

ಅಣ್ಣ ಇನ್ನೊಂದು ಸಲ ಕೇಳಿದ, ಸಂಕ್ರಾಂತಿಯಲ್ಲಿ. ಇನ್ನೊಂದು ಸಲ ನಾನು ತಾಳು ಅಂದೆ. ಶಿವರಾತ್ರಿಯಾಗಿ ಹದಿನೈದು ದಿನಕ್ಕೆ ಅವನದೇ ಫೋನು. "ನಿಮ್ ಅತ್ತಿಗೆ ಬಸ್‌ಸ್ಟಾಪಿಂದ ಮನೆಗಂಟ ನಡೆಯಾಕಾಗ್ದೆ ದಾರೀಲೇ ಕೂತ್ಕೊಬುಟ್ಳು ಕಣ್ಲಾ. ಉಸ್ರು ಸಿಕ್ತಾ ಇಲ್ಲ. ಕರ್ಕೊಂಡು ಬತ್ತಾ ಇವ್ನಿ."

ಚಾಮರಾಜನಗರದಲ್ಲಿ ನಮ್ಮ ಮನೆಗೆ ಹತ್ತಿರದ ಡಾಕ್ಟರಮ್ಮನ ಬಳಿ ತೋರಿಸಿದೆವು. ಅಣ್ಣ ಚೀಟಿ ಮಾಡಿಸಲು ಹೊರಗೆ ನಿಂತ, ಒಳಗೆ ಅತ್ತಿಗೆಯ ಪಕ್ಕ ನಾನು ಕೂತೆ. ಅತ್ತಿಗೆ ನಾಲ್ಕು ಪದ ಆಡಿ ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು. ಡಾಕ್ಟರಮ್ಮ ಕೊಳವೆಯೊಂದನ್ನು ಕೊಟ್ಟು ಊದಿಸಿದರು. ಮೂರು ಸಲ ಊದಿದರೂ ಅದರ ಮುಳ್ಳು ಮೇಲೇಳಲಿಲ್ಲ.

"ಸೌದೆ ಒಲೇನಾಮ್ಮ?"

"ಹೂಂ ಕಣವ್ವ."

"ಎಷ್ಟು ವರ್ಷದಿಂದ?"

"ಮದ್ವೆಯಾದಾಗಿಂದ ಇತ್ತು. ಆಮೇಕೆ ಗ್ಯಾಸು ಬಂತು, ಬುಟ್ಬುಟ್ಟಿದ್ದೆ. ಈಗ ಏಳೆಂಟು ತಿಂಗ್ಳಿಂದ ತಿರ್ಗಾ ಅಚ್ತಾ ಇವ್ನಿ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಹೋದ ಉಸಿರು ಹೋಯಿತು, ಅದನ್ನು ಮದ್ದಿನಿಂದ ತರುವುದಕ್ಕಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು ಎಂದು ಬಿಡಿಸಿ ಹೇಳಿದರು. ಆಮೇಲೆ, "ಗ್ಯಾಸ್ ಇದ್ದೋರು ಮತ್ತೆ ಹೊಗೆ ಮುಂದೆ ಯಾಕಮ್ಮ ಕೂತ್ರಿ? ಯಾರು ಹೇಳಿದ್ದು ನಿಮಗೆ?" ಅಂದರು.

ನಾನು ಬಾಯಿ ತೆರೆಯಬೇಕಾಗಿತ್ತು. ಅದು ನನ್ನ ಪ್ರಶ್ನೆ, ಉತ್ತರ ಕೊಡಬೇಕಾದವನು ಆ ಕೋಣೆಯಲ್ಲಿ ನಾನೇ. ನಾನು ನೆಲ ನೋಡುತ್ತಾ ಕೂತಿದ್ದೆ.

ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಯಾರೂ ಏಳ್ಲಿಲ್ಲ ಕಣವ್ವ" ಅಂದರು. ಉಸಿರು ಎಳೆದುಕೊಂಡು ಮುಂದುವರಿಸಿದರು. "ನಂಗೇ ಗ್ಯಾಸಿನ್ ಅಡ್ಗೆ ರುಚಿ ಅತ್ಲಿಲ್ಲ. ನಾನೇ ಬ್ಯಾಡ ಅಂದ್ಬುಟ್ಟೆ."

ಡಾಕ್ಟರಮ್ಮ ಹದಿನೈದು ನಿಮಿಷ ಅವರನ್ನು ಬೈದರು. ಓದಿಲ್ಲದ ಹೆಂಗಸರ ಹಟವೇ ಇಷ್ಟು ಅಂದರು. ನನ್ನ ಕಡೆ ತಿರುಗಿ, "ನೀವು ಓದಿದೋರು, ಮನೇಲಿ ಒಬ್ಬರಾದ್ರೂ ಬುದ್ಧಿ ಹೇಳಬಾರದಾ ಸಾರ್?" ಎಂದು ಕೇಳಿದರು. ಅತ್ತಿಗೆ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು, ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.